ನರ್ಸಿಂಗ್ ಓದಿದವರಿಗೆ ಆರು ದೇಶಗಳಲ್ಲಿ ಯಾವುದು? ಕಾಟು ಹಾಕುತ್ತ ಆರಿಸುವ ಕ್ರಮ

ಒಂದು ಹಾಳೆಯಲ್ಲಿ ಆರು ಹೆಸರು ಬರೆದುಕೊಳ್ಳಿ: ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ. ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ, ಇಂಗ್ಲಿಷ್‌ನಲ್ಲೇ ಕೆಲಸ ಮಾಡುತ್ತ ಮನೆಮಂದಿಯೊಂದಿಗೆ ಹೊರದೇಶದಲ್ಲಿ ನೆಲೆಸಬೇಕು ಎನ್ನುವವರ ಮುಂದೆ ಸಾಮಾನ್ಯವಾಗಿ ಇರುವುದು ಈ ಆರು. ಗಲ್ಫ್‌ನ ಲೆಕ್ಕ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಆರರಲ್ಲಿ ನಿಮಗೆ ನಿಜವಾಗಿ ಬಾಗಿಲು ತೆರೆದಿರುವುದು ಎರಡು ಕಡೆಯೋ ಮೂರು ಕಡೆಯೋ ಅಷ್ಟೆ. ಮುಚ್ಚಿರುವ ಬಾಗಿಲು ಯಾವುದೆಂದು ಮೊದಲು ಪತ್ತೆಮಾಡಿ ಆ ಹೆಸರಿಗೆ ಕಾಟು ಹಾಕುತ್ತ ಬನ್ನಿ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ.

ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಸಂಬಳ ಎಲ್ಲಿ ಜಾಸ್ತಿ ಎಂದು ಕೇಳಿ ದೇಶ ಆರಿಸುತ್ತಾರೆ, ಕೋಚಿಂಗ್‌ಗೆ ದುಡ್ಡು ಕಟ್ಟುತ್ತಾರೆ, ಪರೀಕ್ಷೆ ಪಾಸೂ ಆಗುತ್ತಾರೆ. ವೀಸಾ ಸಿಗುವುದಿಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. ಸಂಬಳದ ಲೆಕ್ಕ ಕೊನೆಗಿರಲಿ. ಮೊದಲು ಬೀರುವಿನಲ್ಲಿರುವ ಸರ್ಟಿಫಿಕೇಟನ್ನೂ ಪಾಸ್‌ಪೋರ್ಟನ್ನೂ ತೆಗೆದು ಮುಂದಿಟ್ಟುಕೊಳ್ಳಿ. ಇಲ್ಲಿ ಕೊಟ್ಟಿರುವ ಶುಲ್ಕ, ನಿಯಮಗಳು 2025ರವು. ವರ್ಷಕ್ಕೊಮ್ಮೆಯಾದರೂ ಬದಲಾಗುವ ಸಂಗತಿಗಳಿವು. ದುಡ್ಡು ಕಟ್ಟುವ ದಿನ ಆಯಾ ದೇಶದ ನರ್ಸಿಂಗ್ ಕೌನ್ಸಿಲ್‌ನ ವೆಬ್‌ಸೈಟನ್ನೇ ತೆರೆದು ನೋಡಿ.

ಮೊದಲ ಕಾಟು: ನೀವು ಓದಿದ್ದೇನು?

ಜಿಎನ್‌ಎಂ ಡಿಪ್ಲೊಮಾ ಮಾತ್ರ ಇದ್ದರೆ ಆಸ್ಟ್ರೇಲಿಯಾಕ್ಕೆ ನೇರ ದಾರಿ ಇಲ್ಲ. ಅಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಪದವಿ ಮಟ್ಟದ ಓದು ಬೇಕು. ಅಲ್ಲಿನ ನೋಂದಣಿ ಸಂಸ್ಥೆಯಾದ ಆಪ್ರಾದ ವೆಬ್‌ಸೈಟಿನಲ್ಲಿ ‘ಸೆಲ್ಫ್ ಚೆಕ್’ ಎಂಬ ಉಚಿತ ಪರಿಶೀಲನೆ ಇದೆ. ಓದಿನ ವಿವರ ತುಂಬಿದರೆ ನಿಮ್ಮನ್ನು ಎ, ಬಿ, ಸಿ ಎಂಬ ಮೂರರಲ್ಲಿ ಒಂದು ಗುಂಪಿಗೆ ಸೇರಿಸುತ್ತದೆ. ಭಾರತದ ಬಿಎಸ್ಸಿ ನರ್ಸಿಂಗ್ ಸಾಮಾನ್ಯವಾಗಿ ಬಿ ಗುಂಪಿಗೆ ಬರುತ್ತದೆ. ಅಂದರೆ ಪರೀಕ್ಷೆ ಬರೆದು ನೋಂದಣಿ ಪಡೆಯಬಹುದು. ಸಿ ಬಂದರೆ ಮತ್ತೆ ಓದಬೇಕು. ಜಿಎನ್‌ಎಂ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವರು ಪಕ್ಕದ ಮನೆಯವರ ಮಾತು ನಂಬದೆ ಇದರಲ್ಲೇ ಹಾಕಿ ನೋಡಲಿ, ಹದಿನೈದು ನಿಮಿಷದ ಕೆಲಸ.

ಬ್ರಿಟನ್ ಮತ್ತು ಐರ್ಲೆಂಡ್ ಜಿಎನ್‌ಎಂ ಆದವರ ಅರ್ಜಿಯನ್ನೂ ತೆಗೆದುಕೊಳ್ಳುತ್ತವೆ. ಅಮೆರಿಕದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಕೆನಡಾದಲ್ಲಿ ನೋಂದಣಿ ಪ್ರಾಂತ್ಯಗಳ ಕೈಯಲ್ಲಿದೆ, ಹೆಚ್ಚಿನವು ಪದವಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ. ಆದರೆ ನೋವಾ ಸ್ಕೋಷಿಯಾ ಪ್ರಾಂತ್ಯ 2023ರಲ್ಲಿ ಭಾರತ ಸೇರಿ ಏಳು ದೇಶಗಳಲ್ಲಿ ನೋಂದಾಯಿತರಾದ ನರ್ಸ್‌ಗಳಿಗೆ ದಾರಿ ಬಹಳ ಚಿಕ್ಕದು ಮಾಡಿತು. ಕೆನಡಾ ಎಂದೊಡನೆ ಟೊರಾಂಟೊ ಇರುವ ಒಂಟಾರಿಯೊವನ್ನೇ ನೆನೆಯುವವರು ಈ ಪ್ರಾಂತ್ಯವನ್ನು ನೋಡುವುದೇ ಇಲ್ಲ.

ಎರಡನೆಯ ಕಾಟು: ಹುಟ್ಟಿದ್ದೆಲ್ಲಿ?

ಅಮೆರಿಕದ ಮಟ್ಟಿಗೆ ಇದೊಂದೇ ಪ್ರಶ್ನೆ ಎಲ್ಲವನ್ನೂ ತೀರ್ಮಾನಿಸುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗೆ ಅಮೆರಿಕದಲ್ಲಿ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಸಾಮಾನ್ಯವಾಗಿ ಸಿಗುವುದಿಲ್ಲ. ಇರುವ ದಾರಿ ಇಬಿ-3 ಎಂಬ ಗ್ರೀನ್ ಕಾರ್ಡ್ ವರ್ಗ. ಅಲ್ಲಿ ನರ್ಸ್‌ಗಳು ‘ಷೆಡ್ಯೂಲ್ ಎ’ ಪಟ್ಟಿಯಲ್ಲಿರುವುದರಿಂದ, ಸ್ಥಳೀಯರು ಸಿಗಲಿಲ್ಲವೆಂದು ಆಸ್ಪತ್ರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಾಬೀತು ಮಾಡಬೇಕಿಲ್ಲ. ಇಷ್ಟರವರೆಗೆ ಸಲೀಸು. ಆದರೆ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಒಟ್ಟು ಸಂಖ್ಯೆಯಲ್ಲಿ ಶೇ. 7ಕ್ಕಿಂತ ಹೆಚ್ಚು ಪಾಲು ಕೊಡುವಂತಿಲ್ಲ. ಭಾರತದ ಇಬಿ-3 ಸರದಿಯಲ್ಲಿ ನರ್ಸ್‌ಗಳ ಜೊತೆಗೆ ಸಾಫ್ಟ್‌ವೇರ್‌ನವರೂ ನಿಂತಿದ್ದಾರೆ. 2025ರಲ್ಲಿ ಆ ಸರದಿ ಮುಟ್ಟಿದ್ದು 2013ರಲ್ಲಿ ಅರ್ಜಿ ಹಾಕಿದವರನ್ನು. ಇಂದು ಹೆಸರು ಹಾಕಿದವರು ಎಷ್ಟು ವರ್ಷ ಕಾಯಬೇಕೆಂದು ಯಾರಾದರೂ ‘ಎರಡು ವರ್ಷ’ ಎಂದು ಹೇಳಿದರೆ ಅವರು ಫಿಲಿಪೀನ್ಸ್‌ನ ಲೆಕ್ಕ ಹೇಳುತ್ತಿದ್ದಾರೆ, ಇಲ್ಲವೆ ಸುಳ್ಳು ಹೇಳುತ್ತಿದ್ದಾರೆ.

ಈ ಸರದಿ ಪೌರತ್ವದ ಮೇಲೆ ನಿಲ್ಲುವುದಿಲ್ಲ, ಹುಟ್ಟಿದ ದೇಶದ ಮೇಲೆ ನಿಲ್ಲುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಇದು ಬಹಳ ಮುಖ್ಯ. ಅಪ್ಪ ಅಮ್ಮ ಗಲ್ಫ್‌ನಲ್ಲಿದ್ದಾಗ ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ಹುಟ್ಟಿ, ಓದಿದ್ದೆಲ್ಲ ಇಲ್ಲೇ ಆದವರು ಪಾಸ್‌ಪೋರ್ಟಿನಲ್ಲಿ ಭಾರತೀಯರಾದರೂ ಅಮೆರಿಕದ ಲೆಕ್ಕದಲ್ಲಿ ಆ ದೇಶದ ಪಾಲಿಗೆ ಸೇರುತ್ತಾರೆ. ಅವರ ಸರದಿ ಭಾರತದ್ದಕ್ಕಿಂತ ಎಷ್ಟೋ ಚಿಕ್ಕದು. ನೀವು ಹಾವೇರಿಯಲ್ಲೇ ಹುಟ್ಟಿದ್ದರೂ ನಿಮ್ಮ ಗಂಡ ಅಥವಾ ಹೆಂಡತಿ ದುಬೈಯಲ್ಲಿ ಹುಟ್ಟಿದ್ದು, ಇಬ್ಬರೂ ಒಟ್ಟಿಗೆ ಹೋಗುವುದಾದರೆ ಅವರ ಜನ್ಮಸ್ಥಳವನ್ನು ನಿಮ್ಮ ಅರ್ಜಿಗೆ ಬಳಸಿಕೊಳ್ಳಬಹುದು. ಮನೆಯಲ್ಲಿ ಇಬ್ಬರ ಜನನ ಪ್ರಮಾಣಪತ್ರವನ್ನೂ ಒಮ್ಮೆ ತೆಗೆದು ನೋಡಿ.

ಇಬ್ಬರೂ ಭಾರತದಲ್ಲೇ ಹುಟ್ಟಿದವರಾದರೆ ಅಮೆರಿಕಕ್ಕೆ ಈಗ ಕಾಟು ಹಾಕಿ. ಅಲ್ಲಿನ ಆಸ್ಪತ್ರೆ ಖರ್ಚು ಹೊತ್ತು ಅರ್ಜಿ ಹಾಕಿಕೊಟ್ಟರೆ ಹೆಸರು ಸರದಿಯಲ್ಲಿರಲಿ, ಅಲ್ಲಿಯವರೆಗೆ ಬೇರೆ ದೇಶದಲ್ಲಿ ದುಡಿಯಬಹುದು. ಮುಂದೆ ಬ್ರಿಟನ್ನಿನ ಪೌರತ್ವ ಪಡೆದರೂ ಈ ಸರದಿ ಮಾತ್ರ ಬದಲಾಗದು.

ಮೂರನೆಯದು ವಯಸ್ಸು

ಆಸ್ಟ್ರೇಲಿಯಾದ ಪಾಯಿಂಟ್ಸ್ ಆಧಾರಿತ ವೀಸಾಗಳಿಗೆ 45 ತುಂಬುವುದರೊಳಗೆ ಕರೆ ಬಂದಿರಬೇಕು. 25ರಿಂದ 32ರವರೆಗೆ ವಯಸ್ಸಿಗೆ 30 ಪಾಯಿಂಟ್, 33ರಿಂದ 39ಕ್ಕೆ 25, 40ರಿಂದ 44ಕ್ಕೆ 15. ಅರ್ಜಿಗೆ ಕನಿಷ್ಠ 65 ಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕ ಆಧಾರಿತ ಆಯ್ಕೆಯಲ್ಲಿ 20ರಿಂದ 29ರವರಿಗೆ ವಯಸ್ಸಿನ ಪೂರ್ತಿ ಅಂಕ. 30 ದಾಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಕಳೆಯುತ್ತ 45ಕ್ಕೆ ಸೊನ್ನೆ. ನ್ಯೂಜಿಲೆಂಡ್ 55ರವರೆಗೆ ವಾಸದ ಪರವಾನಗಿಗೆ ಅವಕಾಶ ಕೊಡುತ್ತದೆ. ಬ್ರಿಟನ್, ಐರ್ಲೆಂಡ್‌ಗಳ ಕೆಲಸದ ವೀಸಾಕ್ಕೆ ಮೇಲಿನ ವಯೋಮಿತಿಯೇ ಇಲ್ಲ. ಗಲ್ಫ್‌ನಲ್ಲಿ ಹದಿನೈದು ವರ್ಷ ದುಡಿದು 43ರಲ್ಲಿ ಹೊಸ ದೇಶ ಹುಡುಕುವವರು ಆಸ್ಟ್ರೇಲಿಯಾ, ಕೆನಡಾಗಳ ಹಿಂದೆ ಎರಡು ವರ್ಷ ಕಳೆದರೆ ಬಾಗಿಲು ಕಣ್ಣೆದುರೇ ಮುಚ್ಚುತ್ತದೆ.

ನಾಲ್ಕನೆಯದು: ಮನೆಯವರು, ಕಾಯಂ ವಾಸ

ಹಾಳೆಯಲ್ಲಿ ಈಗ ನಾಲ್ಕೋ ಮೂರೋ ಹೆಸರು ಉಳಿದಿರಬೇಕು. ಪ್ರತಿಯೊಂದರ ಎದುರು ಕಾಯಂ ವಾಸದ ಪರವಾನಗಿ, ಅಂದರೆ ಪಿಆರ್, ಎಷ್ಟು ವರ್ಷಕ್ಕೆ ಎಂದು ಬರೆಯಿರಿ.

ಆಸ್ಟ್ರೇಲಿಯಾದ ಪಾಯಿಂಟ್ಸ್ ವೀಸಾಗಳ ಪೈಕಿ 189 ಮತ್ತು 190ರಲ್ಲಿ ವಿಮಾನ ಇಳಿದ ದಿನದಿಂದಲೇ ಪಿಆರ್. 491 ಎಂಬುದು ಸಣ್ಣ ಊರುಗಳ ಕಡೆಯದು, ಮೂರು ವರ್ಷ ಅಲ್ಲಿದ್ದು ಷರತ್ತು ಪೂರೈಸಿದ ಮೇಲೆ 191ಕ್ಕೆ ಅರ್ಜಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲೂ ಪಿಆರ್ ಹಿಡಿದೇ ಹೋಗುತ್ತೀರಿ. ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ನ್ಯೂಜಿಲೆಂಡ್‌ನಲ್ಲಿ ರಿಜಿಸ್ಟರ್ಡ್ ನರ್ಸ್ ಕೆಲಸ ‘ಗ್ರೀನ್ ಲಿಸ್ಟ್’ನ ಮೊದಲ ದರ್ಜೆಯಲ್ಲಿದೆ, ನೋಂದಣಿ ಮತ್ತು ಮಾನ್ಯತೆಯುಳ್ಳ ಆಸ್ಪತ್ರೆಯ ನೇಮಕಾತಿ ಎರಡೂ ಕೈಯಲ್ಲಿದ್ದರೆ ನೇರ ವಾಸದ ವೀಸಾ. ಐರ್ಲೆಂಡ್‌ನಲ್ಲಿ ಕ್ರಿಟಿಕಲ್ ಸ್ಕಿಲ್ಸ್ ಎಂಬ ಕೆಲಸದ ಪರವಾನಗಿಯ ಮೇಲೆ ಸುಮಾರು ಎರಡು ವರ್ಷ ದುಡಿದರೆ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿ ಸಿಗುತ್ತದೆ, ಆಮೇಲೆ ಕೆಲಸ ಬದಲಿಸಲು ಯಾರ ಅಪ್ಪಣೆಯೂ ಬೇಡ. ಗಂಡನಿಗೆ ಅಥವಾ ಹೆಂಡತಿಗೆ ಬೇರೆ ಪರವಾನಗಿ ಇಲ್ಲದೆ ಕೆಲಸ ಮಾಡುವ ಹಕ್ಕೂ ಇದೆ.

ಬ್ರಿಟನ್ ಇಲ್ಲಿ ಹಿಂದೆ ಬಿದ್ದಿದೆ. ಹೆಲ್ತ್ ಆ್ಯಂಡ್ ಕೇರ್ ವೀಸಾದಲ್ಲಿ ಐದು ವರ್ಷಕ್ಕೆ ಕಾಯಂ ವಾಸ ಸಿಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಈ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಬ್ರಿಟನ್ನಿನಲ್ಲೇ ನೆಲೆಸುವ ಯೋಚನೆ ಇರುವವರು ಹತ್ತು ವರ್ಷ ಎಂದೇ ಲೆಕ್ಕ ಹಾಕಿಕೊಳ್ಳಿ, ಕಡಿಮೆಯಾದರೆ ಲಾಭ. ಇನ್ನೊಂದು ಗೊಂದಲ: ಹೊರದೇಶದಿಂದ ಕೇರ್ ವರ್ಕರ್‌ಗಳನ್ನು, ಅಂದರೆ ವೃದ್ಧರು, ಅಶಕ್ತರ ಆರೈಕೆ ಮಾಡುವವರನ್ನು, ಕರೆಸಿಕೊಳ್ಳುವ ದಾರಿಯನ್ನು ಬ್ರಿಟನ್ 2025ರ ಜುಲೈ 22ಕ್ಕೆ ಮುಚ್ಚಿದೆ. ಅದು ರಿಜಿಸ್ಟರ್ಡ್ ನರ್ಸ್‌ಗಳಿಗೆ ಅನ್ವಯಿಸುವುದಿಲ್ಲ. ಹಾಗೆಂದು ‘ಮೊದಲು ಕೇರ್ ವರ್ಕರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಿ’ ಎನ್ನುವ ಏಜೆಂಟ್‌ಗೆ ದುಡ್ಡು ಕೊಡಬೇಡಿ.

ಇನ್ನು ಅಪ್ಪ ಅಮ್ಮ. ಇದನ್ನು ಹೆಚ್ಚಿನವರು ಹೋದ ಮೇಲೆ ಯೋಚಿಸುತ್ತಾರೆ. ಕೆನಡಾದ ಸೂಪರ್ ವೀಸಾದಲ್ಲಿ ತಂದೆತಾಯಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ನ್ಯೂಜಿಲೆಂಡ್ 2025ರ ಸೆಪ್ಟೆಂಬರ್‌ನಲ್ಲಿ ಪೇರೆಂಟ್ ಬೂಸ್ಟ್ ಎಂಬ ಐದು ವರ್ಷದ ವೀಸಾ ತೆರೆಯಿತು. ಆಸ್ಟ್ರೇಲಿಯಾದ 870 ವೀಸಾ ಮೂರು ಅಥವಾ ಐದು ವರ್ಷದ್ದು, ಖರ್ಚು ಭಾರೀ. ಬ್ರಿಟನ್ನಿಗೆ ವಯಸ್ಸಾದ ತಂದೆತಾಯಿಯನ್ನು ಕಾಯಂ ಕರೆಸಿಕೊಳ್ಳುವುದು ಬಹುತೇಕ ಆಗದ ಮಾತು. ಒಬ್ಬಳೇ ಮಗಳು, ಒಬ್ಬನೇ ಮಗ ಆಗಿದ್ದರೆ ಈ ಪ್ಯಾರಾ ಒಂದೇ ನಿಮ್ಮ ಹಾಳೆಯಲ್ಲಿ ಇನ್ನೊಂದು ಕಾಟು ಹಾಕಿಸಬಹುದು.

ಪರೀಕ್ಷೆಗಳನ್ನು ಸರಪಳಿಯಂತೆ ನೋಡಿ

ಒಂದು ಪರೀಕ್ಷೆ ಎಷ್ಟು ಬಾಗಿಲು ತೆರೆಯುತ್ತದೆ ಎಂದು ನೋಡಿ ಆರಿಸಿದರೆ ದುಡ್ಡೂ ವರ್ಷಗಳೂ ಉಳಿಯುತ್ತವೆ. ಎನ್‌ಕ್ಲೆಕ್ಸ್-ಆರ್‌ಎನ್ ಅಮೆರಿಕದ ಪರೀಕ್ಷೆಯಾದರೂ ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಅದೇ ಬೇಕು. ಬೆಂಗಳೂರಿನಲ್ಲೇ ಬರೆಯಬಹುದು. ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150. ಐದು ಗಂಟೆಯೊಳಗೆ 85ರಿಂದ 150 ಪ್ರಶ್ನೆ; ನಿಮ್ಮ ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆಯ ಮಟ್ಟ ಏರಿಸುತ್ತದೆ, ಇಳಿಸುತ್ತದೆ. ಇಲ್ಲಿನ ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗೆ ಮಾಡಿದವರು ಸೋಲುವುದು ‘ಮೊದಲು ಯಾವ ರೋಗಿಯನ್ನು ನೋಡುತ್ತೀರಿ’ ಎಂಬ ಬಗೆಯ ಪ್ರಶ್ನೆಗಳಲ್ಲಿ. ಇಲ್ಲಿನ ವಾರ್ಡುಗಳಲ್ಲಿ ಆ ತೀರ್ಮಾನ ಡ್ಯೂಟಿ ಡಾಕ್ಟರರದು. ಪರೀಕ್ಷೆ ಅದನ್ನು ನಿಮ್ಮಿಂದ ಕೇಳುತ್ತದೆ.

ಬ್ರಿಟನ್ನಿನದು ಎರಡು ಮೆಟ್ಟಿಲು. ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆಯನ್ನು ಇಲ್ಲೇ ಬರೆದು ಹೋಗಬೇಕು: 15 ಲೆಕ್ಕದ ಪ್ರಶ್ನೆ, 100 ನರ್ಸಿಂಗ್ ಪ್ರಶ್ನೆ. ಹೋದ ಮೇಲೆ ಓಸ್ಕಿ, ಅಂದರೆ ಹತ್ತು ಸ್ಟೇಷನ್‌ಗಳಲ್ಲಿ ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ. ಶುಲ್ಕದ ಲೆಕ್ಕ: ಅರ್ಹತೆ ಪರಿಶೀಲನೆ 140 ಪೌಂಡ್, ಸಿಬಿಟಿ 83, ಓಸ್ಕಿ 794, ನೋಂದಣಿ 153, ಒಟ್ಟು 1,170. ಸರ್ಕಾರಿ ಆಸ್ಪತ್ರೆಗಳು ಓಸ್ಕಿಯ ಮೊದಲ ಪ್ರಯತ್ನದ ಖರ್ಚು, ವಿಮಾನದ ಟಿಕೆಟ್ ಕೊಡುವುದುಂಟು. ಆದರೆ ಒಪ್ಪಂದದ ಅವಧಿಗೆ ಮುನ್ನ ಬಿಟ್ಟರೆ ಅದನ್ನು ಮರಳಿ ಕಟ್ಟಬೇಕೆಂಬ ಷರತ್ತು ಇರುತ್ತದೆ. ಸಹಿ ಹಾಕುವ ಮೊದಲು ಎಷ್ಟು ತಿಂಗಳಿಗೆ ಎಷ್ಟು ಎಂಬುದನ್ನು ಓದಿ.

ಐರ್ಲೆಂಡ್‌ನಲ್ಲಿ ಅರ್ಜಿ ಪರಿಶೀಲನೆಯ ಶುಲ್ಕ 350 ಯೂರೊ. ಕೌನ್ಸಿಲ್‌ನ ತೀರ್ಮಾನದ ಪತ್ರ ಬಂದ ಮೇಲೆ ಎರಡು ಆಯ್ಕೆ: ಆಸ್ಪತ್ರೆಯಲ್ಲಿ ಕೆಲವು ವಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ತೋರಿಸುವುದು, ಅಥವಾ ಡಬ್ಲಿನ್‌ನಲ್ಲಿ ಆ್ಯಪ್ಟಿಟ್ಯೂಡ್ ಪರೀಕ್ಷೆ. ನ್ಯೂಜಿಲೆಂಡ್ 2023ರ ಡಿಸೆಂಬರ್‌ನಿಂದ ತನ್ನದೇ ಲಿಖಿತ ಪರೀಕ್ಷೆ ಮತ್ತು ಕ್ರೈಸ್ಟ್‌ಚರ್ಚ್‌ನಲ್ಲಿ ಓಸ್ಕಿ ಇಟ್ಟಿದೆ.

ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರ ಹೋಗುವುದಾದರೆ ಎನ್‌ಕ್ಲೆಕ್ಸ್ ಆದ ಮೇಲೆ ಅಡಿಲೇಡ್‌ಗೆ ಹೋಗಿ ಓಸ್ಕಿ ಕೊಡಬೇಕು, ಅದೊಂದಕ್ಕೇ 4,000 ಆಸ್ಟ್ರೇಲಿಯನ್ ಡಾಲರ್. ಟಿಕೆಟ್, ವೀಸಾ, ವಸತಿ ಬೇರೆ. ಫೇಲಾದರೆ ಅಷ್ಟೂ ಮತ್ತೆ. ಆದರೆ 2025ರ ಏಪ್ರಿಲ್‌ನಿಂದ ಇನ್ನೊಂದು ದಾರಿ ತೆರೆದಿದೆ: ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಪುರ, ಸ್ಪೇನ್, ಕೆನಡಾದ ಒಂಟಾರಿಯೊ ಮತ್ತು ಬ್ರಿಟಿಷ್ ಕೊಲಂಬಿಯಾ, ಇವುಗಳಲ್ಲಿ ನೋಂದಾಯಿತರಾಗಿ 1,800 ಗಂಟೆ ಕೆಲಸ ಮಾಡಿದ ನರ್ಸ್‌ಗಳಿಗೆ ಆಸ್ಟ್ರೇಲಿಯಾ ನೋಂದಣಿಯನ್ನು ಬಹಳ ಸರಳ ಮಾಡಿದೆ. ವಾರಕ್ಕೆ 37.5 ಗಂಟೆಯಂತೆ 1,800 ಗಂಟೆ ಎಂದರೆ 48 ವಾರ, ರಜೆ ಸೇರಿಸಿ ಸುಮಾರು ಒಂದು ವರ್ಷ. ಕೈಯಲ್ಲಿ ಉಳಿತಾಯವಿಲ್ಲದ, 35ರೊಳಗಿನ ಬಿಎಸ್ಸಿ ನರ್ಸ್‌ಗೆ ನಮ್ಮ ಸಲಹೆ ಇದೇ: ಆಸ್ಪತ್ರೆಯೇ ಖರ್ಚು ಹೊರುವ ಬ್ರಿಟನ್ ಅಥವಾ ಐರ್ಲೆಂಡ್‌ನ ಕೆಲಸ ಹಿಡಿದು, ಅಲ್ಲಿ ಗಂಟೆ ತುಂಬಿಸಿ, ಒಪ್ಪಂದದ ಅವಧಿ ಮುಗಿಸಿ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕಿ. ಪ್ರತಿ ತಿಂಗಳ ಪೇ ಸ್ಲಿಪ್ ಮತ್ತು ರೋಸ್ಟರ್ ಎತ್ತಿಟ್ಟಿರಿ, ಗಂಟೆಗೆ ಸಾಕ್ಷಿ ಅವೇ.

ಇಂಗ್ಲಿಷ್: ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ

ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಈಗ ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಕೆ, ಮಾತಿಗೆ 7, ಬರವಣಿಗೆಗೆ 6.5 ಕೇಳುತ್ತವೆ. ಫಲಿತಾಂಶ ಎರಡು ವರ್ಷ ಮಾತ್ರ ಜೀವಂತ. ಆದ್ದರಿಂದ ಕಾಗದಪತ್ರ ಸಿದ್ಧವಾಗುವ ಮೊದಲೇ ಪರೀಕ್ಷೆ ಬರೆಯಬೇಡಿ.

ಬರವಣಿಗೆಯಲ್ಲಿ 6ಕ್ಕೇ ನಿಂತವರು ಒಇಟಿ ಕಡೆ ತಿರುಗಿ ನೋಡಿ, ಅದು ಆಸ್ಪತ್ರೆ ಕೆಲಸದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಶುಲ್ಕ ಹೆಚ್ಚು, ಆದರೆ ಅಲ್ಲಿ ಬರೆಯಬೇಕಾದ್ದು ಡಿಸ್ಚಾರ್ಜ್ ಅಥವಾ ರೆಫರಲ್ ಪತ್ರ, ಪ್ರಬಂಧವಲ್ಲ. ಬ್ರಿಟನ್ನಿಗೆ ಮೂರರಲ್ಲಿ ಬಿ, ಬರವಣಿಗೆಯಲ್ಲಿ ಸಿ ಪ್ಲಸ್ ಸಾಕು. 5 ನಿಮಿಷ ಓದಲು, 40 ನಿಮಿಷ ಬರೆಯಲು, 180ರಿಂದ 200 ಪದ. ಸಾಮಾನ್ಯ ತಪ್ಪೆಂದರೆ ಕೊಟ್ಟ ಕೇಸ್ ನೋಟ್ಸ್ ಪೂರ್ತಿ ತುಂಬಿಬಿಡುವುದು. ಪತ್ರ ಓದುವವರು ಮನೆಗೆ ಬರುವ ಕಮ್ಯುನಿಟಿ ನರ್ಸ್ ಆದರೆ ಅವರಿಗೆ ಬೇಕಾದ್ದು ಗಾಯದ ಡ್ರೆಸ್ಸಿಂಗ್, ಔಷಧ, ಮುಂದಿನ ತಪಾಸಣೆಯ ದಿನ. ಇಪ್ಪತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಅಲ್ಲ. ಪತ್ರ ಯಾಕೆ ಬರೆಯುತ್ತಿದ್ದೀರಿ ಎಂಬುದು ಮೊದಲ ಎರಡು ವಾಕ್ಯದಲ್ಲೇ ಬರಲಿ.

ಕೆಲಸ ಇದೆಯೇ, ಸಂಬಳ ಉಳಿಯುತ್ತದೆಯೇ

ನೋಂದಣಿ ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ. 2023-24ರಲ್ಲಿ ನ್ಯೂಜಿಲೆಂಡ್‌ನಲ್ಲಿ ಹೊರದೇಶದ ನರ್ಸ್‌ಗಳು ದೊಡ್ಡ ಸಂಖ್ಯೆಯಲ್ಲಿ ನೋಂದಾಯಿಸಿಕೊಂಡರು, ಅಷ್ಟರಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ನೇಮಕಾತಿಗೆ ತಡೆ ಹಾಕಿದವು. ಬ್ರಿಟನ್ನಿನ ಆಸ್ಪತ್ರೆಗಳೂ 2024ರಿಂದ ಹೊರಗಿನ ನೇಮಕಾತಿಯನ್ನು ಬಹಳ ತಗ್ಗಿಸಿವೆ. ಪರೀಕ್ಷೆಯ ಶುಲ್ಕ ಕಟ್ಟುವ ಮೊದಲು ಒಂದು ವಾರ ಕೂತು ಆ ದೇಶದ ಆಸ್ಪತ್ರೆಗಳ ಜಾಹೀರಾತು ಹುಡುಕಿ. ನಿಮ್ಮದೇ ವಿಭಾಗದಲ್ಲಿ, ವೀಸಾ ಪ್ರಾಯೋಜಿಸುತ್ತೇವೆ ಎಂದು ಬರೆದಿರುವ ಮೂರಾದರೂ ಸಿಗದಿದ್ದರೆ ಆ ದೇಶವನ್ನು ಆರು ತಿಂಗಳು ಪಕ್ಕಕ್ಕಿಡಿ. ಓಟಿ, ಐಸಿಯು, ಡಯಾಲಿಸಿಸ್, ಮಾನಸಿಕ ಆರೋಗ್ಯದಲ್ಲಿ ಅನುಭವ ಇದ್ದರೆ ಜನರಲ್ ವಾರ್ಡಿನವರಿಗಿಂತ ಬೇಗ ಕರೆ ಬರುತ್ತದೆ.

ಸಂಬಳವನ್ನು ರೂಪಾಯಿಗೆ ಗುಣಿಸಬೇಡಿ, ಅಲ್ಲಿನ ಬಾಡಿಗೆಯಿಂದ ಕಳೆಯಿರಿ. ಇಂಗ್ಲೆಂಡ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಹೊಸ ನರ್ಸ್‌ಗೆ, ಅಂದರೆ ಬ್ಯಾಂಡ್ 5ರ ಆರಂಭಕ್ಕೆ, 2025-26ರಲ್ಲಿ ವರ್ಷಕ್ಕೆ 31,049 ಪೌಂಡ್. ತೆರಿಗೆ, ವಿಮೆ ಕಳೆದರೆ ತಿಂಗಳಿಗೆ ಸುಮಾರು 2,150. ಪಿಂಚಣಿಯ ಕಡಿತ ಇನ್ನೂ ಬಾಕಿ. ಲಂಡನ್‌ನಲ್ಲಿ ಎರಡು ಕೋಣೆಯ ಮನೆಗೇ ಇದರ ಬಹುಪಾಲು ಹೋಗುತ್ತದೆ, ಡಬ್ಲಿನ್‌ನಲ್ಲಂತೂ ದುಡ್ಡಿದ್ದರೂ ಮನೆ ಸಿಗುವುದು ಕಷ್ಟ. ಸಣ್ಣ ಊರಿನ ಆಸ್ಪತ್ರೆ ಆರಿಸಿದರೆ ಅದೇ ಸಂಬಳದಲ್ಲಿ ಊರಿಗೆ ಕಳಿಸುವಷ್ಟು ಉಳಿಯುತ್ತದೆ.

ಯಾವ ದೇಶವಾದರೂ ಮೊದಲು ಮಾಡುವ ಕೆಲಸ

ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಲತಾ ಎಚ್. ಎಂ.’, ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ ‘ಎಚ್. ಎಂ. ಲತಾ’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು. ಹೊರದೇಶದ ಕಚೇರಿಗೆ ಇವರು ಮೂವರು ಬೇರೆ ಬೇರೆ ಮಂದಿ. ಮೂರೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ. ಇಂಗ್ಲಿಷ್ ಪರೀಕ್ಷೆಗೆ, ಎನ್‌ಕ್ಲೆಕ್ಸ್‌ಗೆ, ಅರ್ಜಿಗೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಬರೆಯಿರಿ. ಅರ್ಜಿ ನಡುವೆ ಇರುವಾಗ ಮದುವೆಯಾದರೆ ಪಾಸ್‌ಪೋರ್ಟಿನ ಹೆಸರು ಬದಲಿಸಲು ಹೋಗಬೇಡಿ.

ಆಮೇಲೆ ಬೆಂಗಳೂರಿನ ಎರಡು ಕಚೇರಿಯ ಕೆಲಸ. ಬಿಎಸ್ಸಿಯವರಿಗೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿನ ವಿವರಪಟ್ಟಿ, ಬರಬೇಕಾದ್ದು ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ. ಜಿಎನ್‌ಎಂನವರಿಗೆ ಡಿಪ್ಲೊಮಾ ಪರೀಕ್ಷಾ ಮಂಡಳಿ ಮತ್ತು ಕಾಲೇಜಿನಿಂದ. ಅದರಲ್ಲಿ ಪ್ರತಿ ವಿಷಯಕ್ಕೂ ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ ಎಂಬುದು ಬಿಡಿಬಿಡಿಯಾಗಿ ಇರಲೇಬೇಕು. ಮಕ್ಕಳ ನರ್ಸಿಂಗ್, ಹೆರಿಗೆ, ಮನೋರೋಗ ಈ ಮೂರರ ಕ್ಲಿನಿಕಲ್ ಗಂಟೆ ಕಾಣದಿದ್ದರೆ ಅಮೆರಿಕ, ಕೆನಡಾದ ಅರ್ಜಿ ಅಲ್ಲೇ ನಿಲ್ಲುತ್ತದೆ. ಕಾಲೇಜು ಮುಚ್ಚಿಹೋಗಿದ್ದರೆ ಈ ಕೆಲಸವನ್ನು ನಾಳೆಯೇ ಶುರುಮಾಡಿ.

ಎರಡನೆಯದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ ಪತ್ರ. ನಿಮ್ಮ ಮೇಲೆ ಯಾವ ಶಿಸ್ತುಕ್ರಮವೂ ಇಲ್ಲ, ನೋಂದಣಿ ಚಾಲ್ತಿಯಲ್ಲಿದೆ ಎಂದು ಕೌನ್ಸಿಲ್ಲೇ ನೇರವಾಗಿ ಆ ದೇಶಕ್ಕೆ ಕಳಿಸುವ ಪತ್ರವಿದು. ಕೇರಳದಲ್ಲೋ ಮಹಾರಾಷ್ಟ್ರದಲ್ಲೋ ನೋಂದಾಯಿಸಿದ್ದರೆ ಅಲ್ಲಿಂದಲೂ ಬೇಕು. ಕೆಲಸ ಬಿಟ್ಟ ಪ್ರತಿ ಆಸ್ಪತ್ರೆಯಿಂದ ರಿಲೀವಿಂಗ್ ಲೆಟರ್ ಮತ್ತು ವಿಭಾಗ, ವಾರದ ಗಂಟೆ, ದಿನಾಂಕ ಇರುವ ಅನುಭವ ಪತ್ರ ತೆಗೆದಿಟ್ಟುಕೊಳ್ಳಿ. ಜಗಳವಾಡಿ ಬಿಟ್ಟ ಆಸ್ಪತ್ರೆಯಾದರೂ ಸರಿ, ಹೋಗಿ ಕೇಳಿ.

ಏಜೆಂಟ್ ಬೇಕೇ ಬೇಕೆಂದರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಆ ಹೆಸರು ಇದೆಯೇ, ಪರವಾನಗಿ ಚಾಲ್ತಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಕಾನೂನಿನ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಲಕ್ಷಗಟ್ಟಲೆ ಕೇಳಿ ಬ್ರಿಟನ್ನಿನ ಪ್ರಾಯೋಜಕತ್ವದ ಪತ್ರ ಮಾರುತ್ತೇನೆ ಎನ್ನುವವರಿಂದ ದೂರವಿರಿ. ಆ ಪತ್ರದ ಖರ್ಚನ್ನು ಕೆಲಸ ಕೊಡುವವರು ನಿಮ್ಮಿಂದ ವಸೂಲಿ ಮಾಡುವಂತೆಯೇ ಇಲ್ಲ.

ಹೊರಡುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ಕರ್ನಾಟಕ ಕೌನ್ಸಿಲ್‌ನ ನೋಂದಣಿಯ ಅವಧಿ ನೋಡಿ, ಮುಗಿಯುವ ಹಾಗಿದ್ದರೆ ನವೀಕರಿಸಿಯೇ ಹೊರಡಿ. ಎರಡು ವರ್ಷದ ನಂತರ ಬ್ರಿಟನ್ನಿಂದ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವಾಗ ಇಲ್ಲಿನ ಗುಡ್ ಸ್ಟ್ಯಾಂಡಿಂಗ್ ಮತ್ತೆ ಕೇಳಬಹುದು. ಆಗ ಅವಧಿ ಮುಗಿದ ನೋಂದಣಿ ಇಟ್ಟುಕೊಂಡು ಅಲ್ಲಿಂದ ಬೆಂಗಳೂರಿನ ಕಚೇರಿಯ ಕೆಲಸ ಮಾಡಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ.